ಅಪ್ಪನ ಬಲಗಾಲು, ಹಾರುವ ಮುಳ್ಳು

ಪುಂಜಾಲಕಟ್ಟೆಯ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ನಮ್ಮ ಮನೆ. ಮೇಲಿನ ನೆಲವೆಲ್ಲ ಹಳೆಯ ಮರದ ಹಲಗೆ. ಬೆಕ್ಕು ಹಾರಿದರೂ ಕಪಾಟಿನ ಲೋಟಗಳು ಸದ್ದು ಮಾಡುತ್ತವೆ. ಅಂಥ ನೆಲದ ಮೇಲೆ ರೆಕಾರ್ಡ್ ಪ್ಲೇಯರ್ ಇಟ್ಟು ನಾನು ಪಟ್ಟ ಪಾಡು ಯಾರಿಗೂ ಬೇಡ!

ನಮ್ಮಲ್ಲಿದ್ದದ್ದು ಒಂದೇ ರೆಕಾರ್ಡು. ತೀರಿಹೋದ ದೊಡ್ಡಪ್ಪ ಹಾಡಿದ ಯಕ್ಷಗಾನದ ಪದಗಳು, ಅದಕ್ಕೆ ಅಪ್ಪನ ಮದ್ದಳೆ. ದೊಡ್ಡಪ್ಪನ ದನಿ ಬೇರೆಲ್ಲೂ ಉಳಿದಿಲ್ಲ. ಒಮ್ಮೆ ಸರಿಯಾಗಿ ಓಡಿದರೆ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಬಹುದಿತ್ತು. ಓಡಬೇಕಲ್ಲ! ಪದ ಏರುತ್ತಿದ್ದಂತೆ ಕುರ್ಚಿಯಲ್ಲಿ ಕೂತ ಅಪ್ಪನ ಬಲಗಾಲು ತಾಳ ಹಾಕತೊಡಗುತ್ತಿತ್ತು. ಬೆರಳು ಮಡಚಲಾಗದೆ ಮದ್ದಳೆ ಬಿಟ್ಟ ಮೇಲೆ ಅವರ ತಾಳವೆಲ್ಲ ಕಾಲಿಗೆ ಇಳಿದಿತ್ತು. ಹಲಗೆ ಅದುರಿ, ಪ್ಲೇಯರಿನ ಮುಳ್ಳು ಹಾರಿ, ರೆಕಾರ್ಡಿನ ಮೇಲೆ ಕರ್ರೆಂದು ಗೀರು. ದೊಡ್ಡಪ್ಪನ ದನಿ ಇನ್ನಷ್ಟು ಹೋಯಿತೆಂದು ಪ್ರತಿ ಸಲವೂ ಓಡಿಹೋಗಿ ಮುಳ್ಳು ಎತ್ತುತ್ತಿದ್ದೆ.

“ಅಪ್ಪಾ, ಕಾಲು!” ಎಂದು ಕಿರುಚುತ್ತಿದ್ದೆ.

“ನಾನೆಂತ ಮಾಡಿದೆ?” ಎನ್ನುತ್ತಿದ್ದರು. ಪಾಪ, ಅವರಿಗೆ ಗೊತ್ತೇ ಇರುತ್ತಿರಲಿಲ್ಲ.

ಬೈಹುಲ್ಲಾದರೆ ಅದುರುವುದಿಲ್ಲವೆಂದು ಪ್ಲೇಯರನ್ನು ಅಕ್ಕಿ ಮುಡಿಯ ಮೇಲೆ ಕೂರಿಸಿದೆ. ಹುಲ್ಲಿನಲ್ಲಿ ಬಿಗಿದು ಕಟ್ಟಿದ ಗುಂಡಗಿನ ಮೂಟೆ ಅದು. ಪ್ಲೇಯರ್ ದೋಣಿಯಂತೆ ಓಲಾಡಿತು. ಅಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬಂತು.

“ಅನ್ನದ ಮೇಲೆ ಪೆಟ್ಟಿಗೆ ಇಡುವುದಾ? ನಿನಗೆ ತಲೆ ಸರಿ ಉಂಟಾ ಮಾರಾಯ್ತಿ? ತೆಗಿ ಅದನ್ನು!”

ಕೊನೆಗೆ ನೆಲದ ಸಹವಾಸವೇ ಬೇಡವೆಂದು ಕೆಂಪುಕಲ್ಲಿನ ಗೋಡೆಗೆ ಕಬ್ಬಿಣದ ಬ್ರ್ಯಾಕೆಟ್ ಹೊಡೆಸಿ, ಅದರ ಮೇಲೊಂದು ದಪ್ಪ ಹಲಗೆ ಕೂರಿಸಿ ಪ್ಲೇಯರ್ ಇಟ್ಟೆ. ಇದೂ ಕೈಕೊಟ್ಟರೆ ಇನ್ನೇನು ಗತಿ! ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ, ಮುಳ್ಳು ಇಳಿಸಿ, ಅದನ್ನೇ ನೋಡುತ್ತ ನಿಂತೆ. ಪದ ಏರಿತು. ಯಾವಾಗಲೂ ಹಾರುವ ಜಾಗ ಬಂತು, ದಾಟಿತು. ಹಳೆಯ ಗೀರುಗಳು ಟಿಕ್ ಟಿಕ್ ಎಂದವು, ಅಷ್ಟೇ. ರೆಕಾರ್ಡು ಕೊನೆಯವರೆಗೂ ಓಡಿತು. ಅಬ್ಬಾ, ಗೆದ್ದೆ ಅಂದುಕೊಂಡೆ!

ಖುಷಿಯಲ್ಲಿ ತಿರುಗಿ ನೋಡಿದರೆ, ಅಪ್ಪ ಎರಡೂ ಕೈಗಳಿಂದ ಬಲಮೊಣಕಾಲನ್ನು ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು. ಹಣೆಯೆಲ್ಲ ಬೆವರು.

“ಮುಗಿಯಿತಾ ಮಗಾ? ಇನ್ನು ಬಿಡಬಹುದಾ?” ಎಂದರು.

ನನಗೆ ಅಳು ತಡೆಯಲಾಗಲಿಲ್ಲ. “ಬಿಡಿ ಅಪ್ಪಾ, ಬಿಡಿ” ಎಂದೆ. ಈ ಸಲ ಅವರ ತಾಳವೂ ಸಿಗಲೆಂದು ಮೊಬೈಲಿನ ರೆಕಾರ್ಡಿಂಗ್ ಮತ್ತೆ ಒತ್ತಿ, ಅದನ್ನು ಅವರ ಕಾಲಿನ ಪಕ್ಕ ನೆಲದ ಮೇಲಿಟ್ಟು, ಮುಳ್ಳನ್ನು ಮತ್ತೆ ಮೊದಲ ಪದಕ್ಕೆ ಇಳಿಸಿದೆ.