ಕುಂಟುವುದನ್ನು ಕಲಿಸಿದ ಹದಿನೈದು ದಿನ

ಧಾರಾವಾಹಿಯವರು ನನ್ನನ್ನು ಹುಡುಕಿಕೊಂಡು ಬಂದದ್ದು ನಾನು ಕುಣಿಯುತ್ತಾ ಬಿದ್ದು ಮೊಣಕಾಲು ಕೆಡಿಸಿಕೊಂಡವಳು ಎಂದು ಯಾರೋ ಹೇಳಿದ್ದಕ್ಕೆ.

ಆಗ ನನಗೆ ಇಪ್ಪತ್ತಾರು. ಸಾಂಗ್ಲಿಯ ವಿಶ್ರಾಮಬಾಗ ಬಡಾವಣೆಯಲ್ಲಿ ಒಂದು ಎಸ್‌ಟಿಡಿ ಬೂತಿನ ಮೇಲಿನ ಮಹಡಿಯಲ್ಲಿ ಭರತನಾಟ್ಯದ ಕ್ಲಾಸು ನಡೆಸುತ್ತಿದ್ದೆ. ಸಾಂಗ್ಲಿಗೂ ಮಿರಜಕ್ಕೂ ನಡುವೆ ಇದ್ದ ಹೊಲಗಳಲ್ಲಿ ದಿನಕ್ಕೊಂದು ಅಪಾರ್ಟ್‌ಮೆಂಟು ಏಳುತ್ತಿತ್ತು. ಮನೆಮನೆಗೂ ಕೇಬಲ್ ಬಂದಿತ್ತು. ಬ್ಯಾಂಕು, ಕಾಲೇಜುಗಳಲ್ಲಿ ನೌಕರಿ ಮಾಡುವವರು ಮಗಳಿಗೂ ಒಂದು ಕಲೆ ಬರಲಿ ಎಂದು ನನ್ನ ಹತ್ತಿರ ಕಳಿಸುತ್ತಿದ್ದರು. ಹುಡುಗಿಯರು ಮರಾಠಿ ರೂಢಿಯಂತೆ ನನ್ನನ್ನು ‘ತಾಯಿ’ ಎನ್ನುತ್ತಿದ್ದರು, ಅಂದರೆ ಅಕ್ಕ. ನಮ್ಮ ಮನೆಮಾತು ಕನ್ನಡ. ಅಪ್ಪನದು ಮಿರಜದ ಪೇಟೆಯಲ್ಲಿ ಅರಿವೆ ಅಂಗಡಿ. ಹುಡುಗಿಯರು ಹಾಗೆ ಕರೆಯುವುದನ್ನು ಮೊದಲ ಸಲ ಕೇಳಿದ ದಿನ ಅವ್ವ ಬಾಗಿಲಲ್ಲೇ ನಿಂತು ನಕ್ಕುಬಿಟ್ಟಳು.

“ಲಗ್ನಾ ಆಗೂದಕ್ಕ ಮೊದಲ ಇಪ್ಪತ್ತು ಮಕ್ಕಳ ತಾಯಿ ಆದೆಲ್ಲವಾ!”

ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದವರು ಧಾರಾವಾಹಿಯ ನಿರ್ದೇಶಕರು. ಸಾಂಗ್ಲಿಯವರೇ, ಮುಂಬಯಿಗೆ ಹೋಗಿ ನಾಟಕ ಮಾಡಿದವರು. ಹೊಸದಾಗಿ ಶುರುವಾಗಿದ್ದ ಒಂದು ಮರಾಠಿ ಚಾನೆಲ್ಲಿಗಾಗಿ ಕಲಾಶಾಲೆಯೊಂದರ ಕಥೆ ಮಾಡುತ್ತಿದ್ದರು. ಹಾಡುವವರು, ನಾಟಕದವರು, ಕುಣಿಯುವವರು ಎಲ್ಲ ಒಂದೇ ಕಡೆ ಕಲಿಯುವ ಶಾಲೆ. ಕಥೆಯ ನಾಯಕಿ ನರ್ತಕಿ. ನಾಲ್ಕನೇ ಕಂತಿನಲ್ಲಿ ಬಿದ್ದು ಕಾಲಿಗೆ ಪೆಟ್ಟು ಮಾಡಿಕೊಳ್ಳುತ್ತಾಳೆ. ಮಿರಜದ ಹಳೆಯ ವಾಡೆಯೊಂದನ್ನು ಬಾಡಿಗೆಗೆ ಹಿಡಿದು ಅದಕ್ಕೆ ಶಾಲೆಯ ಬೋರ್ಡು ಹಾಕಿದ್ದರು. ನಾವು ಆಡಿದ್ದೆಲ್ಲ ಮರಾಠಿಯಲ್ಲಿ. ಆದರೆ ನನ್ನ ನೆನಪಿನಲ್ಲಿ ಅದು ಮನೆಯ ಕನ್ನಡದಲ್ಲೇ ಉಳಿದಿದೆ.

“ನಮ್ಮ ಹುಡುಗಿಗೆ ಕುಂಟೂದು ಕಲಿಸಿಕೊಡ್ತೀರೇನ್ರಿ?” ಎಂದು ಕೇಳಿದರು.

ಸಿಟ್ಟು ಬರಬೇಕಿತ್ತು. ನಗು ಬಂತು. “ಕುಣಿಯೂದು ಕಲಿಸ್ತೀನ್ರಿ. ಕುಂಟೂದನ್ನ ಈತನಕಾ ಯಾರೂ ಕೇಳಿದ್ದಿಲ್ಲ.”

“ಹದಿನೈದ ದಿನದ ಕೆಲಸಾ.”

“ಬರ್ತೀನಿ. ಆದ್ರ ನಾ ತಪ್ಪು ಅಂದದ್ದನ್ನ ನೀವು ತಿದ್ದಬೇಕು.”

ಅವರು ತಲೆಯಾಡಿಸಿದರು. ಇವಳು ಏನು ಮಹಾ ತಪ್ಪು ಹುಡುಕಿಯಾಳು ಎಂದುಕೊಂಡಿರಬೇಕು.

ನಾನು ಬಿದ್ದದ್ದು ಅದಕ್ಕೆ ನಾಲ್ಕು ವರ್ಷ ಮೊದಲು, ಸಾಂಗ್ಲಿಯ ಒಂದು ಕಾಲೇಜಿನ ರಂಗದ ಮೇಲೆ. ಕೊನೆಯ ತಿಲ್ಲಾನದ ಕೊನೆಯ ಜಿಗಿತ. ಬಲಗಾಲು ನೆಲಕ್ಕೆ ತಾಗಿದಾಗ ಮೊಣಕಾಲಿನಲ್ಲಿ ಒದ್ದೆ ಬಟ್ಟೆ ಹರಿದಂಥ ಸದ್ದಾಯಿತು. ಬೀಳುವಾಗಲೂ ಮುಖದ ನಗು ಬಿಡಬಾರದೆಂದು ಕಲಿತಿದ್ದೆನಲ್ಲ, ನಗುತ್ತಲೇ ಬಿದ್ದೆ. ಜನ ಅದೂ ಒಂದು ಭಂಗಿಯೆಂದು ಚಪ್ಪಾಳೆ ಹೊಡೆದರು. ಪಕ್ಕದಲ್ಲಿ ಕೂತಿದ್ದ ನನ್ನ ಗುರುಗಳ ತಾಳ ಮಾತ್ರ ಥಟ್ಟನೆ ನಿಂತಿತು. ಮಿರಜದ ಡಾಕ್ಟರು ಮೂರು ತಿಂಗಳು ಪ್ಲಾಸ್ಟರಿನಲ್ಲಿಟ್ಟು, ಬಿಚ್ಚಿದ ದಿನ ಹೇಳಿದರು: “ನಡೀತೀರಿ, ಮೆಟ್ಟಲಾ ಹತ್ತತೀರಿ. ಅರೆಮಂಡಿ ಮಾತ್ರ ಬ್ಯಾಡ.” ಅರೆಮಂಡಿಯೆಂದರೆ ಮೊಣಕಾಲುಗಳನ್ನು ಹೊರಕ್ಕೆ ಮಡಿಸಿ ಅರ್ಧ ಕುಳಿತ ನಿಲುವು. ನಮ್ಮ ನೃತ್ಯದ ಮುಕ್ಕಾಲು ಪಾಲು ಆ ನಿಲುವಿನ ಮೇಲೇ ನಡೆಯುವುದು. ಆಮೇಲೆ ನಾನು ನೆಲಕ್ಕೆ ಕೂತು, ಕೋಲಿನಿಂದ ತಾಳ ಬಡಿಯುತ್ತಾ, ಬಾಯಲ್ಲೂ ಕೈಯಲ್ಲೂ ಪಾಠ ಹೇಳುವವಳಾದೆ.

ನಟಿ ಮುಂಬಯಿಯವಳು, ನನಗಿಂತ ಮೂರು ವರ್ಷ ಚಿಕ್ಕವಳು. ಸಿನಿಮಾ ಕುಣಿತ ಚೆನ್ನಾಗಿ ಬರುತ್ತಿತ್ತು. ಆದರೆ ಅವಳು ಕುಂಟುವುದನ್ನು ನೋಡಿ ನಾನು ಬಾಯಿಗೆ ಸೆರಗು ಹಿಡಿದೆ. ಕಾಲನ್ನು ಗಾಡಿಗೆ ಕಟ್ಟಿದ ಕಟ್ಟಿಗೆಯಂತೆ ಎಳೆದುಕೊಂಡು ಬರುತ್ತಿದ್ದಳು. ಒಂದು ಟೇಕಿನಲ್ಲಿ ಬಲಗಾಲು ಕುಂಟಿದರೆ ಮುಂದಿನದರಲ್ಲಿ ಎಡಗಾಲು. ಹಿಂದೆ ನೃತ್ಯದ ಹುಡುಗಿಯರ ಪಾತ್ರಕ್ಕೆ ನಿಂತಿದ್ದ ನನ್ನ ವಿದ್ಯಾರ್ಥಿನಿಯರು ಕಿಸಕ್ಕೆಂದರು.

“ತಾಯಿ, ನಂದೇನ ತಪ್ಪಾತು?” ಎಂದು ಅವಳು ನೇರವಾಗಿ ನನ್ನನ್ನೇ ಕೇಳಿದಳು. ಅದು ನನಗೆ ಹಿಡಿಸಿತು.

“ನೀ ಕುಂಟೂದನ್ನ ಮಂದಿಗೆ ತೋರಸಾಕತ್ತೀ. ಪೆಟ್ಟು ಆದಾಕಿ ಅದನ್ನ ಮುಚ್ಚತಾಳ. ಯಾರಿಗೂ ಗೊತ್ತಾಗಬಾರದು ಅಂತನ ನಡೀತಾಳ. ಹಂಗ ನಡೀ, ನೋಡೂಣು.”

ಮಧ್ಯಾಹ್ನವೆಲ್ಲ ವಾಡೆಯ ಮೆಟ್ಟಿಲುಗಳ ಮೇಲೆ ಅವಳನ್ನು ಹತ್ತಿಸಿ ಇಳಿಸಿದೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಯಾವಾಗಲೂ ಕಟಕಟೆ ಇರುವ ಕಡೆಗೇ ಸರಿಯಬೇಕು, ಆದರೆ ಸುಮ್ಮನೆ ಸರಿದಂತೆ ಕಾಣಬೇಕು. ಜೊತೆಗಿದ್ದವರು ಮುಂದೆ ಹೋಗಲಿ ಎಂದು ಚಪ್ಪಲಿ ಸರಿಮಾಡಿಕೊಳ್ಳುವ ನೆಪ ಮಾಡಬೇಕು. ಇವೆಲ್ಲ ನನಗೆ ನಾಲ್ಕು ವರ್ಷದಲ್ಲಿ ಮೈಗೂಡಿದ್ದವು. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಂಜೆಯ ಟೇಕಿನಲ್ಲಿ ಅವಳು ಅಂಗಳ ದಾಟಿ ಬಂದಾಗ ಯಾರೂ ನಗಲಿಲ್ಲ. ಚಹ ಹಂಚುವವನು ಕಪ್ಪುಗಳನ್ನು ಕೆಳಗಿಟ್ಟು, ಅವರಿಗೆ ಖರೇನೇ ಕಾಲು ನೋವೇನು ಎಂದು ವಿಚಾರಿಸಿದ. ನಿರ್ದೇಶಕರು ನನ್ನತ್ತ ನೋಡಿ ಕೈ ಮುಗಿದರು.

ತಕರಾರು ಬಂದದ್ದು ಹತ್ತನೇ ದಿನ. ಇನ್ನು ಕುಣಿಯಲಾಗದು ಎಂದು ಗೊತ್ತಾದ ನಾಯಕಿ ಅಳುತ್ತಾ ಓಡಿಹೋಗಿ ಗೆಜ್ಜೆಗಳನ್ನು ಕೃಷ್ಣಾ ಹೊಳೆಗೆ ಎಸೆಯುವ ದೃಶ್ಯವಿತ್ತು.

“ಇದು ತಪ್ಪು,” ಎಂದೆ. “ಮೊಣಕಾಲ ಹೋದಾಕಿ ಓಡೂದಿಲ್ಲ. ಗೆಜ್ಜಿ ಪೂಜಾ ಮಾಡಿ ಕಟಗೊಂಡಾಕಿ ಅವನ್ನ ಒಗಿಯೂದಿಲ್ಲ.”

“ಚಾನೆಲ್ಲಿನವರಿಗೆ ಈ ಸೀನ ಬೇಕಬೇಕ್ರಿ. ನೋಡೂ ಮಂದಿಗೂ ಬೇಕು.”

“ಮಂದಿ ಅಂದ್ರ ನಾವ ಅಲ್ಲೇನ್ರಿ?”

ಅವರು ಕೇಳಲಿಲ್ಲ. ಓಟವನ್ನು ಮಾತ್ರ ನಡಿಗೆ ಮಾಡಿದರು. ಮರುದಿನ ಬೆಳಿಗ್ಗೆ ಹೊಳೆದಂಡೆಯ ಘಾಟಿನ ಮೆಟ್ಟಿಲುಗಳ ಮೇಲೆ ಕ್ಯಾಮೆರಾ ನಿಲ್ಲಿಸಿದರು. ಸೇತುವೆಯ ಮೇಲೆ ಆಚೆ ದಂಡೆಯ ಸಾಂಗ್ಲಿವಾಡಿಯಿಂದ ಕೆಲಸಕ್ಕೆ ಹೊರಟವರು ಸೈಕಲ್ಲು, ಹಾಲಿನ ಕ್ಯಾನು ಸಮೇತ ಸಾಲಾಗಿ ನಿಂತು ನೋಡತೊಡಗಿದರು. ನಾನು ಮೇಲಿನ ಮೆಟ್ಟಿಲಲ್ಲಿ ಕೂತೆ. ನಟಿ ಚೆನ್ನಾಗಿಯೇ ಅತ್ತಳು, ಗೆಜ್ಜೆ ಎಸೆದಳು. ಬೇಸಿಗೆಗೆ ಹೊಳೆ ಇಳಿದಿತ್ತು, ಗೆಜ್ಜೆ ಮೊಣಕಾಲುದ್ದದ ನೀರಿಗೆ ಬಿದ್ದವು. ಕ್ಯಾಮೆರಾ ಇನ್ನೂ ಅವಳ ಮುಖದ ಮೇಲಿರುವಾಗಲೇ, ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಒಬ್ಬ ಮುದುಕ ರೈತ ಧೋತರ ಎತ್ತಿ ಕಟ್ಟಿ ನೀರಿಗಿಳಿದ. ಗೆಜ್ಜೆಗಳನ್ನು ಹುಡುಕಿ ತೆಗೆದು, ಕಣ್ಣಿಗೊತ್ತಿಕೊಂಡು, ನೆಟ್ಟಗೆ ನಾಯಕಿಯ ಮುಂದೆ ಬಂದು ನಿಂತ.

“ಯವ್ವಾ, ತಗೋರಿ. ದೇವರ ಮುಂದ ಇಡೂ ವಸ್ತು ಇವು. ಸಿಟ್ಟ ಬಂದ್ರ ಉಣ್ಣೂ ಗಂಗಾಳ ಒಗೀರಿ, ಇವನ್ನ ಒಗೀಬ್ಯಾಡ್ರಿ.”

ಸೇತುವೆಯ ಮೇಲಿದ್ದವರು ಹೋ ಎಂದು ಚಪ್ಪಾಳೆ ತಟ್ಟಿದರು. ನಟಿ ಅಳುತ್ತಿದ್ದವಳು ನಗುತ್ತಾ ಅಲ್ಲೇ ಕುಸಿದು ಕೂತಳು. ನಿರ್ದೇಶಕರು ತಿರುಗಿ ನನ್ನನ್ನು ನೋಡಿದರು.

“ನೀವ ಕಳಿಸಿದ್ರೇನು?”

“ಇಲ್ರಿ. ಅವರ ಹೆಸರೂ ಗೊತ್ತಿಲ್ಲ ನನಗ.”

ಮುದುಕ ಎಮ್ಮೆಯ ಕಡೆಗೆ ಹೋದ. ನಿರ್ದೇಶಕರು ಪಕ್ಕದ ಮೆಟ್ಟಿಲಿಗೆ ಬಂದು ಕೂತರು. “ಹಂಗಾರ ಬಿದ್ದ ಮ್ಯಾಲ ನೀವು ಏನ ಮಾಡಿದ್ರಿ, ಖರೇ ಹೇಳ್ರಿ,” ಎಂದರು.

ಹೇಳಿದೆ. ಪ್ಲಾಸ್ಟರು ಹಾಕಿಕೊಂಡು ಮಲಗಿದ ಎರಡು ವಾರ ಯಾರೊಂದಿಗೂ ಮಾತಾಡಿರಲಿಲ್ಲ. ನೋಡಲು ಬಂದವರನ್ನೆಲ್ಲ ಗೋಡೆಯ ಕಡೆಗೆ ಹೊರಳಿ ಕಳಿಸುತ್ತಿದ್ದೆ. ಒಂದು ದಿನ ನನ್ನ ಗುರುಗಳ ಹತ್ತಿರವೇ ಕಲಿಯುತ್ತಿದ್ದ, ನನಗಿಂತ ಕಿರಿಯ ಹುಡುಗಿಯೊಬ್ಬಳು ಬಂದು, ಪರೀಕ್ಷೆಗೆ ಮಾಡಬೇಕಾದ ಪದವನ್ನು, ಅಂದರೆ ಅಭಿನಯದ ಹಾಡನ್ನು, ತಿದ್ದಿಕೊಡಿ ಎಂದಳು. ಆಗೋದಿಲ್ಲ ಎಂದೆ. ಅವಳು ಹೋಗಲಿಲ್ಲ, ಅವ್ವನಿಗೆ ತೋರಿಸುತ್ತೇನೆ ಎಂದು ನಡುಮನೆಯಲ್ಲಿ ಶುರುಮಾಡಿದಳು. ಗೋಡೆಯ ಕನ್ನಡಿಯಲ್ಲಿ ಅವಳ ಕೈ ಕಾಣುತ್ತಿತ್ತು. ಮೊಳಕೈ ಇಳಿದಿತ್ತು. ಮತ್ತೆ ಇಳಿಯಿತು. ಮೂರನೇ ಸಲ ನನ್ನಿಂದ ತಡೆಯಲಾಗಲಿಲ್ಲ. “ಮೊಳಕೈ ಎತ್ತ!” ಎಂದು ಒದರಿದೆ. ಒಲೆಯ ಮುಂದಿನಿಂದಲೇ ಅವಳನ್ನು ನೋಡುತ್ತಿದ್ದ ಅವ್ವ ಲಟ್ಟಣಿಗೆ ಹಿಡಿದೇ ಓಡಿ ಬಂದಳು. ಆ ಮಧ್ಯಾಹ್ನ ಮಂಚದ ಮೇಲಿನಿಂದಲೇ ಇಡೀ ಪದವನ್ನು ಕೈಯಿಂದ ಮಾಡಿ ತೋರಿಸಿದೆ.

ನಿರ್ದೇಶಕರು ಎದ್ದು ಹೋದರು. ಮರುದಿನ ಮುಂಜಾನೆ ಅದೇ ದೃಶ್ಯವನ್ನು ಬರೆದು ತಂದಿದ್ದರು. ಮಂಚ, ಕನ್ನಡಿ, ಹುಡುಗಿ ಎಲ್ಲ ಇದ್ದವು. ನಟಿಯ ಮುಖ ಚೆನ್ನಾಗಿ ಬಂತು, ಕೈಗಳು ಬರಲಿಲ್ಲ. ಪದದ ಕೈಗಳು ಎರಡು ದಿನದಲ್ಲಿ ಬರುವಂಥವಲ್ಲ. ಕೊನೆಗೆ ಅವಳೇ, “ಕೈ ತಾಯೀವು ಇರ್ಲಿ,” ಎಂದಳು. ಅವಳ ಬಳೆಗಳನ್ನು ನನಗೆ ತೊಡಿಸಿದರು. ನನ್ನ ಎರಡು ಕೈಗಳ ಮೇಲೆ ದೀಪ ಬಿತ್ತು. ನಾಲ್ಕು ವರ್ಷದ ಮೇಲೆ ದೀಪದ ಬಿಸಿ ಚರ್ಮಕ್ಕೆ ತಾಗಿದಾಗ ನನಗೆ ಅಳು ಬರಲಿಲ್ಲ, ಹಸಿವಾದಂತಾಯಿತು. ಒಂದೇ ಟೇಕಿನಲ್ಲಿ ಮುಗಿಸಿದೆ.

ಆ ಕಂತು ಬಂದ ದಿನ ನಮ್ಮ ಮನೆ ತುಂಬ ನೆರೆಯವರು. ಅವ್ವ ಟಿ.ವಿ.ಗೆ ಅಂಟಿಕೊಂಡು ಕೂತಿದ್ದಳು. ಕೈಗಳು ಬಂದ ಕೂಡಲೇ ಗುರುತು ಹಿಡಿದಳು.

“ಕೈ ನಿನ್ನವ. ಮಾರಿ ಯಾಕ ಆಕೀದು?”

“ಆಕಿ ನಟಿ ಅವ್ವಾ, ಅದಕ್ಕ.”

“ನಿನ್ನ ಮಾರಿಗೇನ ಆಗೇತಿ? ಕೂತ ಮಾಡೂದಾದ್ರ ಮೊಣಕಾಲ ಯಾಕ ಬೇಕು?”

ನೆರೆಯವರು ನಕ್ಕರು. ನನಗೆ ನಗಲಾಗಲಿಲ್ಲ. ಕೂತು ಮಾಡುವುದನ್ನು ನಾನು ಪಾಠವೆಂದೇ ತಿಳಿದಿದ್ದೆ. ಪದವನ್ನು ಕೂತೇ ಅಭಿನಯಿಸುವುದು ಹಳೆಯ ಪದ್ಧತಿ ಎಂದು ಗುರುಗಳು ಎಷ್ಟೋ ಸಲ ಹೇಳಿದ್ದು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ.

ಧಾರಾವಾಹಿ ಹೆಚ್ಚು ದಿನ ನಡೆಯಲಿಲ್ಲ. ಚಾನೆಲ್ಲಿನವರು ಅದರ ಜಾಗಕ್ಕೆ ಅತ್ತೆ-ಸೊಸೆಯ ಕಥೆ ತಂದರು. ಆ ದೀಪಾವಳಿ ಕಳೆದ ಮೇಲೆ ಮಿರಜದ ಒಂದು ಸಣ್ಣ ಸಭಾಂಗಣದಲ್ಲಿ ನಾನು ಚಾಪೆಯ ಮೇಲೆ ಕೂತು ಒಂದು ತಾಸು ಬರೀ ಪದಗಳ ಕಾರ್ಯಕ್ರಮ ಕೊಟ್ಟೆ. ಚೆನ್ನಾಗಿ ಮಾಡಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಮುಂದಿನ ವಾರ ಮಗಳನ್ನು ಕ್ಲಾಸಿಗೆ ಬಿಡಲು ಬರುವ ಒಬ್ಬ ತಾಯಿ, ತಾನೂ ಕಲಿಯಬಹುದೇ ಎಂದು ಕೇಳಿದಳು. ಆಮೇಲೆ ಇನ್ನಿಬ್ಬರು. ಗುರುವಾರ ಮಧ್ಯಾಹ್ನಕ್ಕೆ ಹೆಂಗಸರದೇ ಒಂದು ಕ್ಲಾಸು ಶುರುವಾಯಿತು. ಒಂದು ಗುರುವಾರ ಕಸಬೆ ಡಿಗ್ರಜ ಎಂಬ ಹಳ್ಳಿಯಿಂದ ಬಸ್ಸು ಹಿಡಿದು ಒಬ್ಬ ಜೈನ ಹೆಣ್ಣುಮಗಳು ಬಂದಳು. ಹೊಲಮನೆ ನೋಡಿಕೊಳ್ಳುವಾಕೆ, ಕೈಗಳು ಒರಟು, ಕಣ್ಣು ಚುರುಕು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತಳು.

“ನನಗ ಐವತ್ತೆರಡ್ರಿ. ನಡೀತೈತೇನ್ರಿ?”

“ಚಾಪೀ ಮ್ಯಾಲ ಕುಂದರಾಕ ಬರ್ತೈತಲ್ರೀ?”

“ಅದು ಬರ್ತೈತ್ರಿ.”

“ಹಂಗಾರ ಕುಂದರ್ರಿ,” ಎಂದು ಕೋಲು ಕೈಗೆತ್ತಿಕೊಂಡೆ.