ಮಹಾದೇವಿಯ ಹೆಸರಿನಲ್ಲಿ ಬಂದ ಕೋಡ್

ಯಾರಾದರೂ ದೆವ್ವದ ಕತೆಯನ್ನೋ, ಸತ್ತವರು ಕನಸಿನಲ್ಲಿ ಬಂದು ಎಚ್ಚರಿಸಿದ ಕತೆಯನ್ನೋ ಶುರು ಮಾಡಿದರೆ ನಾನು ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗುವವಳು. ನಗುವುದಿಲ್ಲ, ಆದರೆ ನಂಬುವುದೂ ಇಲ್ಲ. ನನ್ನ ಕಸುಬೂ ಅದಕ್ಕೆ ಒಂದು ಕಾರಣವಿರಬಹುದು. ನಾನು ಕೋಡ್ ಬರೆಯುತ್ತೇನೆ. ಅಲ್ಲಿ ಏನೇ ಎಡವಟ್ಟಾದರೂ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಸಿಗಲಿಲ್ಲವೆಂದರೆ ನಾವು ಸರಿಯಾಗಿ ಹುಡುಕಿಲ್ಲ, ಅಷ್ಟೇ. ಈಗಲೂ ನಾನು ಹಾಗೆಯೇ ನಂಬಿದ್ದೇನೆ. ಒಂದು ಮಧ್ಯಾಹ್ನ ಮಾತ್ರ ಆ ನಂಬಿಕೆಯೊಳಗೆ ಹೊಂದಿಕೊಳ್ಳದೆ ಹೊರಗೇ ನಿಂತಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಸಹಕಾರನಗರದ ಒಂದು ಮನೆಯ ಮೊದಲ ಮಹಡಿಯಲ್ಲಿ ನಮ್ಮ ಪುಟ್ಟ ಕಂಪನಿ ಇತ್ತು. ಮನೆಯೂ ಕಂಪನಿಯೂ ಮುನಿರಾಜು ಅವರದ್ದು. ಕೊಡಿಗೇಹಳ್ಳಿಯ ಹಳೇ ಕುಟುಂಬ, ಅವರ ತಾತ ಅಲ್ಲೇ ದ್ರಾಕ್ಷಿ ಬೆಳೆಯುತ್ತಿದ್ದರಂತೆ. ನಾವು ಮಾಡುತ್ತಿದ್ದದ್ದು ಆಗತಾನೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಯಂತ್ರ. ತೊಟ್ಟಿಲಿನ ಹಾಗೊಂದು ಹಾಸು, ಮೇಲೆ ಹೀಟರ್. ಮಗುವಿನ ಹೊಟ್ಟೆಗೆ ಒಂದು ವೈರಿನ ತುದಿ ಅಂಟಿಸಿರುತ್ತಾರೆ. ಮೈ ತಣ್ಣಗಾದರೆ ಹೀಟರ್ ಹೆಚ್ಚು ಕಾಯುತ್ತದೆ, ಬೆಚ್ಚಗಾದರೆ ಕಡಿಮೆಯಾಗುತ್ತದೆ. ಅದನ್ನೆಲ್ಲ ನಡೆಸುವ ಕೋಡ್ ಬರೆಯುತ್ತಿದ್ದವರು ನಾನು ಮತ್ತು ಮಹಾದೇವಿ. ಅವಳು ಗದಗಿನ ಕಡೆಯವಳು. ಮದುವೆಯಾಗಿ ಗಂಡನ ಜೊತೆ ಅಮೃತಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಳು. ನನ್ನನ್ನು ಅಕ್ಕ ಅನ್ನುತ್ತಿದ್ದಳು.

ಒಂದೇ ಕೋಡನ್ನು ಇಬ್ಬರು ತಿದ್ದುವಾಗ ಅದನ್ನು ಹೊಂದಿಸಿಡಲು ಗಿಟ್ ಎಂಬ ವ್ಯವಸ್ಥೆ ಇದೆ. ಅದು ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಎಲ್ಲರಿಗೂ ಸೇರಿದ ಒಂದು ಪ್ರತಿ ದೂರದ ಸರ್ವರಿನಲ್ಲಿರುತ್ತದೆ, ನಮ್ಮ ನಮ್ಮ ಲ್ಯಾಪ್‌ಟಾಪಿನಲ್ಲಿ ಒಂದೊಂದು ಪ್ರತಿ ಇರುತ್ತದೆ. ನಾವು ತಿದ್ದಿದ್ದನ್ನು ಅಲ್ಲಿಗೆ ಕಳಿಸುವುದು ಪುಶ್, ಅಲ್ಲಿರುವುದನ್ನು ತರಿಸಿಕೊಳ್ಳುವುದು ಪುಲ್. ನಾನು ಕಳಿಸುವ ಮುಂಚೆ ಬೇರೆ ಯಾರಾದರೂ ಏನಾದರೂ ಕಳಿಸಿದ್ದರೆ ಸರ್ವರ್ ನನ್ನದನ್ನು ಒಪ್ಪುವುದಿಲ್ಲ. ಮೊದಲು ಅವರದನ್ನು ತರಿಸಿಕೋ, ಆಮೇಲೆ ನಿನ್ನದು ಕಳಿಸು ಅನ್ನುತ್ತದೆ. ಪ್ರತಿ ಬದಲಾವಣೆಯ ಜೊತೆಗೂ ಮಾಡಿದವರ ಹೆಸರು ಮತ್ತು ಏನು ಮಾಡಿದೆವು ಎಂಬ ಚಿಕ್ಕ ಸಾಲು ಇರುತ್ತದೆ.

ಆ ವಾರ ಮಹಾದೇವಿ ಹೆಬ್ಬಾಳದ ಹತ್ತಿರದ ಒಂದು ಆಸ್ಪತ್ರೆಯಲ್ಲಿದ್ದಳು. ಮಾಮೂಲಿ ಜ್ವರ ಎಂದು ರಜೆ ಹಾಕಿದವಳಿಗೆ ಜ್ವರ ಮೆದುಳಿಗೆ ಹತ್ತಿತ್ತು. ಐಸಿಯುನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು. ನಾನು ದಿನಾ ಬೆಳಿಗ್ಗೆ ಹೋಗಿ ಗಾಜಿನ ಆಚೆಯಿಂದ ನೋಡಿಕೊಂಡು ಆಫೀಸಿಗೆ ಬರುತ್ತಿದ್ದೆ. ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದ ಅವಳ ಗಂಡ "ಇನ್ನಾ ಕಣ್ಣು ಬಿಟ್ಟಿಲ್ರಿ" ಅನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಇಬ್ಬರೂ ಮಾತಾಡುತ್ತಿರಲಿಲ್ಲ.

ಆ ದಿನವೂ ಹಾಗೇ ಹೋಗಿ ಬಂದಿದ್ದೆ. ಊಟವಾದ ಮೇಲೆ ಪರದೆಯಲ್ಲಿ ಅಂಕಿ ಕಾಣುವ ರೀತಿಯನ್ನು ಸ್ವಲ್ಪ ತಿದ್ದಿ ಪುಶ್ ಮಾಡಿದೆ. ಸರ್ವರ್ ಒಪ್ಪಲಿಲ್ಲ. ನಿಮ್ಮಲ್ಲಿಲ್ಲದ ಬದಲಾವಣೆ ಇಲ್ಲಿದೆ ಎಂದಿತು. ಆ ಕೋಡಿಗೆ ಕೈ ಹಾಕುತ್ತಿದ್ದವರು ನಾವಿಬ್ಬರೇ. ಮುನಿರಾಜು ಸರ್ ಏನೋ ನೋಡಿರಬೇಕು ಅಂದುಕೊಂಡು ಪುಲ್ ಮಾಡಿದೆ. ಬಂದದ್ದರ ಮೇಲೆ ಮಹಾದೇವಿಯ ಹೆಸರಿತ್ತು.

ಮೊದಲು ನನಗಾದದ್ದು ಸಂತೋಷ. ಎಚ್ಚರವಾಗಿದೆ, ಫೋನಲ್ಲೋ ಎಲ್ಲೋ ಕೆಲಸ ಶುರು ಮಾಡಿದ್ದಾಳೆ ಹುಚ್ಚಿ, ಅನ್ನಿಸಿತು. ಅದು ಸಾಧ್ಯವೇ ಇಲ್ಲ ಎಂದು ಮರುಕ್ಷಣವೇ ತಿಳಿಯಿತು. ಆಮೇಲೆ ಜೊತೆಗಿದ್ದ ಸಾಲು ಓದಿದೆ. ಮಹಾದೇವಿ ಯಾವಾಗಲೂ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಬರೆಯುವವಳು. ಇದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಅವಳ ಊರಿನ ಕನ್ನಡ: "ಕೂಸಿಗೆ ಸೆಕಿ ಆಗಾಕತ್ತೈತಿ. ವೈರ್ ನೋಡ್ರಿ."

ಕೋಡ್ ನೋಡಿದೆ. ಕೆಲವೇ ಸಾಲು. ಮೈಯ ಬಿಸಿ ದಿಢೀರನೆ ಇಳಿದರೆ ಅದನ್ನು ನಂಬಬೇಡ, ವೈರ್ ಕಳಚಿದೆ ಎಂದು ತಿಳಿದು ಹೀಟರ್ ನಿಲ್ಲಿಸು, ಗಂಟೆ ಬಾರಿಸು ಎಂಬುದು ಅದರ ಅರ್ಥ. ವೈರಿನ ತುದಿ ಮಗುವಿನ ಹೊಟ್ಟೆಯಿಂದ ಕಳಚಿ ಬಿದ್ದರೆ ಅದು ಗಾಳಿಯ ತಂಪನ್ನು ಅಳೆಯುತ್ತದೆ. ಯಂತ್ರ ಮಗು ತಣ್ಣಗಾಯಿತೆಂದು ತಿಳಿದು ಇನ್ನಷ್ಟು ಕಾಯಿಸುತ್ತದೆ. ಇದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಮೂಲೆಯಲ್ಲಿದ್ದ ಯಂತ್ರದಲ್ಲಿ ಹಳೆಯ ಕೋಡ್ ಓಡಿಸಿ ವೈರ್ ಕಿತ್ತು ನೋಡಿದೆ. ಹೀಟರ್ ನಿಗಿನಿಗಿ ಅನ್ನತೊಡಗಿತು.

ಅದೇ ಹಳೆಯ ಕೋಡ್ ಇದ್ದ ಇನ್ನೊಂದು ಯಂತ್ರ ಚಿಕ್ಕಜಾಲದ ಆಚೆ ಒಂದು ನರ್ಸಿಂಗ್ ಹೋಮಿನಲ್ಲಿ ಪರೀಕ್ಷೆಗೆಂದು ಇತ್ತು. ಫೋನ್ ಮಾಡಿದೆ. ಎತ್ತಿದ ನರ್ಸಿಗೆ ಬೇರೇನೂ ಹೇಳದೆ ಕೇಳಿದೆ.

"ಸಿಸ್ಟರ್, ನಮ್ ಮಿಷನ್‌ನಲ್ಲಿ ಈಗ ಮಗು ಇದ್ಯಾ?"

"ಇದೆ ಮೇಡಂ. ಬೆಳಿಗ್ಗೆ ಹುಟ್ಟಿದ್ದು. ಯಾಕೆ?"

"ಒಂದ್ಸಲ ವೈರ್ ನೋಡ್ತೀರಾ, ಪ್ಲೀಸ್. ಈಗ್ಲೇ."

"ಈಗ್ತಾನೆ ನೋಡ್ಬಂದೆ ಮೇಡಂ" ಎಂದು ಗೊಣಗಿಕೊಂಡೇ ಹೋದಳು. ಫೋನನ್ನು ಕಟ್ ಮಾಡದೆ ಮೇಜಿನ ಮೇಲಿಟ್ಟಿದ್ದಳು. ಓಡುವ ಚಪ್ಪಲಿಯ ಸದ್ದು ಕೇಳಿತು, ಯಾರನ್ನೋ ಕರೆದದ್ದು ಕೇಳಿತು, ಆಮೇಲೆ ಮಗುವಿನ ಅಳು. ತಿರುಗಿ ಬಂದವಳ ದನಿ ಬೇರೆಯೇ ಆಗಿತ್ತು.

"ವೈರ್ ಬಿದ್ದೋಗಿತ್ತು ಮೇಡಂ. ಮಗು ಮೈಯೆಲ್ಲಾ ಕೆಂಪಗಾಗಿತ್ತು. ಎತ್ಕೊಂಡಿದೀವಿ, ಡಾಕ್ಟ್ರು ನೋಡ್ತಿದಾರೆ. ಏನಾಗಲ್ಲ ಅಂತಿದಾರೆ." ಆಮೇಲೆ ಕೇಳಿದಳು, "ನಿಮ್ಗೆ ಅಲ್ಲಿಂದ ಕಾಣುತ್ತಾ ಇದು?"

ಕಾಣುವುದಿಲ್ಲ. ಆ ಯಂತ್ರಕ್ಕೆ ಇಂಟರ್ನೆಟ್ಟೇ ಇರಲಿಲ್ಲ. ಯಂತ್ರ ಬಳಸಬೇಡಿ, ಈಗಲೇ ಬಂದು ತೆಗೆದುಕೊಂಡು ಹೋಗುತ್ತೇವೆ ಎಂದು ಹೇಳಿ ಫೋನಿಟ್ಟೆ.

ಸಂಜೆ ನಾನು, ಮುನಿರಾಜು ಸರ್ ಕಾರಣ ಹುಡುಕಲು ಕೂತೆವು. ಮೊದಲೇ ತಿದ್ದಿಟ್ಟುಕೊಂಡಿದ್ದನ್ನು ಲ್ಯಾಪ್‌ಟಾಪ್ ಈಗ ಕಳಿಸಿರಬಹುದು ಎಂಬುದು ನನ್ನ ಮೊದಲ ಊಹೆ. ಅವಳ ಲ್ಯಾಪ್‌ಟಾಪ್ ರಜೆ ಹಾಕಿದ ದಿನದಿಂದ ಆಫೀಸಿನ ಬೀರುವಿನಲ್ಲೇ ಇತ್ತು. ತೆಗೆದು ನೋಡಿದರೆ ಬ್ಯಾಟರಿ ಸತ್ತಿತ್ತು. ಚಾರ್ಜ್ ಹಾಕಿ ಹುಡುಕಿದರೆ ಈ ಬದಲಾವಣೆ ಅದರಲ್ಲಿ ಇರಲೇ ಇಲ್ಲ. ಅವಳ ಲ್ಯಾಪ್‌ಟಾಪಿಗೂ ಅದು ಹೊಸದು, ನನ್ನದರಂತೆ ಪುಲ್ ಮಾಡಿಯೇ ತರಿಸಿಕೊಳ್ಳಬೇಕಿತ್ತು. ಪಾಸ್‌ವರ್ಡ್ ಕದ್ದವರು ಇರಬಹುದು. ಆದರೆ ಕದ್ದವನು ಯಾಕೆ ಒಂದು ಮಗುವಿನ ಬಗ್ಗೆ ಗದಗಿನ ಮಾತಿನಲ್ಲಿ ಬರೆಯುತ್ತಾನೆ? ಸರ್ವರಿನ ದಾಖಲೆ ಇದು ನಮ್ಮ ಆಫೀಸಿನ ಇಂಟರ್ನೆಟ್ಟಿನಿಂದಲೇ, ನಾನು ಊಟಕ್ಕೆ ಕೂತಿದ್ದ ಹೊತ್ತಿಗೆ ಹೋಗಿದೆ ಎಂದು ತೋರಿಸಿತು. ಆಗ ಆಫೀಸಿನಲ್ಲಿದ್ದದ್ದು ನಾನೊಬ್ಬಳೇ.

ಮುನಿರಾಜು ಸರ್ ನನ್ನ ಕಡೆ ತಿರುಗಿದರು. "ತಪ್ ತಿಳ್ಕೋಬೇಡಿ ಕಣ್ರೀ. ಟೆನ್ಶನ್‌ನಲ್ಲಿ ನೀವೇ ಮಾಡಿ ಮರೆತಿದೀರೇನೋ" ಅಂದರು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಮಾತು ಮನೆಗೆ ಹೋದ ಮೇಲೂ ಬಿಡಲಿಲ್ಲ. ಊಟದ ಡಬ್ಬಿ ತೆರೆದದ್ದು ನೆನಪಿತ್ತು, ಚಪಾತಿ ತಿಂದದ್ದು ನೆನಪಿತ್ತು. ಆದರೂ ನನ್ನ ಬೆರಳುಗಳ ಮೇಲೇ ನನಗೆ ಅನುಮಾನ ಬಂತು. ನಾನೇ ಮಾಡಿದ್ದೆನೆಂದರೂ, ಚಿಕ್ಕಜಾಲದಲ್ಲಿ ವೈರ್ ಬಿದ್ದದ್ದು ನನಗೆ ಹೇಗೆ ತಿಳಿಯಿತು?

ಮಹಾದೇವಿಗೆ ಎಚ್ಚರವಾಯಿತು. ಮೆಲ್ಲಗೆ ಚೇತರಿಸಿಕೊಂಡಳು. ಅವಳು ಮನೆಗೆ ಬಂದು ಚೆನ್ನಾಗಿ ಓಡಾಡುವವರೆಗೆ ಕಾದು, ಆಮೇಲೆ ಅಮೃತಹಳ್ಳಿಗೆ ಹೋಗಿ ಎಲ್ಲ ಹೇಳಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಆ ಸಾಲುಗಳನ್ನು ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಇದನ್ನ ನಾ ಬರದಿಲ್ರಿ ಅಕ್ಕಾ. ಬರಿಯೋದಾದ್ರ ಹಿಂಗ ಬರೀತಿದ್ನೇನೋ."

"ಅಲ್ಲಿ ಮಲಗಿದ್ದಾಗ ಏನಾದ್ರೂ ಕನಸು..."

"ಏನೂ ಇಲ್ರಿ. ಕತ್ತಲಿ, ಅಷ್ಟ." ಆಮೇಲೆ ಕೇಳಿದಳು, "ಆ ಕೂಸು ಆರಾಮ ಐತೇನ್ರಿ?"

ಆರಾಮಾಗಿದೆ, ತಾಯಿ ಮಗು ಮನೆಗೆ ಹೋಗಿದ್ದಾರೆ ಎಂದೆ. ಅವಳು ಲ್ಯಾಪ್‌ಟಾಪನ್ನು ಮುಚ್ಚಿ ನನ್ನ ಕಡೆ ಸರಿಸಿದಳು. "ನನ್ನ ಹೆಸರು ಅಲ್ಲಿಂದ ತಗದುಬಿಡ್ರಿ. ನನಗ ಅಂಜಿಕಿ ಆಗತೈತಿ."

ತೆಗೆಯಬಹುದು. ಗಿಟ್‌ನಲ್ಲಿ ಹಿಂದೆ ಆದದ್ದನ್ನೂ ತಿದ್ದಿ, ಒತ್ತಾಯದಿಂದ ಸರ್ವರಿನ ಮೇಲೆ ಹೇರುವ ದಾರಿ ಇದೆ. ಅವಳ ಮಾತಿಗೆ ಒಪ್ಪಿ, ಆಫೀಸಿಗೆ ಬಂದು ಅದಕ್ಕೆ ಕೂತೆ ಕೂಡ. ಹೆಸರು ಬದಲಿಸು ಎಂದರೆ ಅದು ಹೊಸ ಹೆಸರು ಕೇಳುತ್ತದೆ. ನನ್ನದು ಹಾಕಲಾರೆ, ನಾನು ಬರೆದಿಲ್ಲ. ಬರೆದಿಲ್ಲ ಎಂದೇ ಅಂದುಕೊಂಡಿದ್ದೇನೆ. "ನಂದೇ ಹಾಕ್ಬಿಡಿ, ಏನೀಗ" ಅಂದರು ಮುನಿರಾಜು ಸರ್. ಅದೂ ಆಗಲಿಲ್ಲ. ಖಾಲಿ ಬಿಡಲೂ ಮನಸ್ಸು ಬರಲಿಲ್ಲ. ಕೊನೆಗೆ ಹಾಗೇ ಮುಚ್ಚಿ, ನನ್ನಿಂದಾಗಲಿಲ್ಲ ಎಂದು ಅವಳಿಗೆ ಹೇಳಿದೆ. ಅವಳು "ಆತು ಬಿಡ್ರಿ" ಅಂದಳು.

ನಾವಿಬ್ಬರೂ ಇನ್ನೂ ಒಟ್ಟಿಗೇ ಕೆಲಸ ಮಾಡುತ್ತೇವೆ. ಆ ವಿಷಯ ಮತ್ತೆ ಮಾತಾಡಿಲ್ಲ. ಅವಳು ಆ ಫೈಲನ್ನು ತೆರೆಯುವುದೇ ಇಲ್ಲ, ಅಲ್ಲೇನಾದರೂ ಮಾಡಬೇಕಾದರೆ ನನ್ನನ್ನು ಕರೆಯುತ್ತಾಳೆ. ನಾನು ಮಾಡುತ್ತೇನೆ, ಆ ಸಾಲುಗಳನ್ನು ಮಾತ್ರ ಮುಟ್ಟುವುದಿಲ್ಲ. ಹೊಸದಾಗಿ ಸೇರಿದವರು ಯಾಕೆಂದು ಕೇಳಿದರೆ, ಸರಿಯಾಗಿ ಓಡುತ್ತಿರುವುದನ್ನು ಕೆದಕಬಾರದು ಅನ್ನುತ್ತೇನೆ. ಅವರು ತಲೆಯಾಡಿಸುತ್ತಾರೆ. ನಿಜವಾದ ಕಾರಣ ಅದಲ್ಲ ಎಂದು ನನಗೆ ಗೊತ್ತು. ಯಾವುದು ಎಂದು ಗೊತ್ತಿಲ್ಲ.