ಎಣ್ಣೆ ಬಿಸಿಯಾಗುವವರೆಗೆ

ನನ್ನ ಗಂಡ ತೀರಿಕೊಂಡ ಮೇಲೆ ಅವರ ಕಾರು ಮತ್ತೆ ತುರ್ಭೆಯ ಶೆಡ್ಡಿಗೆ ಹೋದದ್ದು ಈ ಬೇಸಿಗೆಯಲ್ಲಿ. ಕಾರು ರಿಪೇರಿಯ ಆ ಶೆಡ್ಡು ಅವರ ಗೆಳೆಯನದು. ಆತ ಟ್ರಕ್ಕಿನ ಮೇಲೆ ತರಿಸಿದ ಕಾರನ್ನು ರೋಲರುಗಳ ಮೇಲೆ ಹತ್ತಿಸಿ, ಮುಂದೆ ಹಿಂದೆ ಅಗಲವಾದ ಪಟ್ಟಿಗಳಿಂದ ನೆಲಕ್ಕೆ ಬಿಗಿದ. ಅಲ್ಲಿ ಕಾರು ನಿಂತಲ್ಲೇ ಓಡುತ್ತದೆ. ಇಂಜಿನ್ನಿನ ಬಲ ಎಷ್ಟೆಂಬುದು ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ನನ್ನ ಮಾವ ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಎಂದೆ.

"ಇಲ್ಲೇ ಗಾಳಿ ಐತಿ," ಅಂದರು.

ಗಾಳಿ ಇರಲಿಲ್ಲ. ಒಳಗೆ ಏನಾದೀತೋ ಎಂಬ ಭಯ ಅವರಿಗೂ ಇತ್ತು, ನನಗೂ ಇತ್ತು.

ಗಂಡನನ್ನು ನಾನು 'ಇವರು' ಎಂದೇ ಹೇಳುತ್ತಿದ್ದೆ, ಈಗಲೂ ಹಾಗೆಯೇ ಬರೆಯುತ್ತೇನೆ. ಇವರು ಐರೋಲಿಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದರು. ವಾರವಿಡೀ ಡೊಂಬಿವಲಿಯಿಂದ ಥಾಣೆಗೆ ಹೋಗಿ ಅಲ್ಲಿ ಟ್ರೇನು ಬದಲಿಸಿ ಓಡಾಡುವುದು, ಭಾನುವಾರ ಬಂತೆಂದರೆ ಈ ಕಾರಿನ ಬಾನೆಟ್ಟಿನೊಳಗೆ ತಲೆ ಹಾಕುವುದು. ನಮ್ಮ ಮನೆಯಲ್ಲಿ ಕಾರು ಓಡಿಸಲು ಬರುತ್ತಿದ್ದದ್ದು ಇವರೊಬ್ಬರಿಗೇ. ಮಾವ ಗದಗಿನ ಕಡೆಯಿಂದ ಬಂದು ಕಲ್ಯಾಣದ ಬಟ್ಟೆ ಅಂಗಡಿಯೊಂದರಲ್ಲಿ ದುಡಿದವರು, ಲೋಕಲ್ ಟ್ರೇನಿನಲ್ಲೇ ಆಯುಷ್ಯ ಕಳೆದವರು. ಮಗನ ಹುಚ್ಚನ್ನು ನೋಡಿ, "ಡೊಂಬಿವಲಿ ರಸ್ತೇದಾಗ ಎಮ್ಮಿ ಮುಂದ ಹೊಂಟಿರತದ, ನಿನ್ನ ಟರ್ಬೊ ಅದರ ಹಿಂದ," ಎಂದು ನಗುತ್ತಿದ್ದರು. ಆದರೆ ಇವರು ಕೆಲಸ ಮಾಡುವಾಗ ಟಾರ್ಚು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದವರೂ ಅವರೇ.

ಇವರು ಮಾಡುತ್ತಿದ್ದ ಕೆಲಸವನ್ನು ನನಗೆ ಟ್ರೇನಿನ ಲೆಕ್ಕದಲ್ಲೇ ತಿಳಿಸಿದ್ದರು. ಇಂಜಿನ್ನಿಗೆ ಗಾಳಿ ಬರುವ ಬಾಗಿಲು ಒಂದು, ಸುಟ್ಟ ಹೊಗೆ ಹೋಗುವ ಬಾಗಿಲು ಒಂದು. ಅವೇ ವಾಲ್ವುಗಳು. ಅವು ಯಾವಾಗ ತೆರೆಯಬೇಕೆಂಬುದನ್ನು ಇಂಜಿನ್ನು ಓಡುತ್ತಿರುವಾಗಲೇ ಹಿಂದೆ ಮುಂದೆ ಸರಿಸಬಹುದು.

"ನಮ್ಮ ಸ್ಟೇಷನ್‌ದಾಗ ನೋಡು," ಅಂದಿದ್ದರು. "ಹತ್ತೋರು ಜೋರ ಇದ್ರ, ಒಳಗ ಉಳಿದ ಒಬ್ಬಿಬ್ಬರನ್ನ ಅವರ ದಬ್ಬಿ ಇಳಸ್ತಾರ. ಅದು ಛಲೋ. ಅದಕ್ಕ ಎರಡೂ ಬಾಗಲಾ ಒಂದೀಟು ಹೊತ್ತು ಕೂಡೇ ತಗದಿರಬೇಕು. ಆದ್ರ ಇಳಿಯೋ ಕಡೆ ಪ್ಲಾಟ್‌ಫಾರಂ ತುಂಬಿತ್ತಂದ್ರ? ಇಳಿದವರ ತಿರುಗಿ ಒಳಗ ಬರ್ತಾರ. ಆವಾಗ ಇಂಜಿನ್ ಕೆಡತದ."

ವೇಗ ಏರಿದಂತೆ ಹೊಗೆ ಹೋಗುವ ಕಡೆ ನೂಕುನುಗ್ಗಲು ಹೆಚ್ಚು. ಹಾಗಾಗಿ ಕಡಿಮೆ ವೇಗದಲ್ಲಿ ಬಾಗಿಲುಗಳನ್ನು ಒಟ್ಟಿಗೆ ತೆರೆದಿಡುವ ಹೊತ್ತು ಹೆಚ್ಚು, ಮೇಲಿನ ವೇಗದಲ್ಲಿ ಕಡಿಮೆ. ಎಷ್ಟು ಎಂಬುದನ್ನು ಓಡಿಸಿಯೇ ಕಂಡುಕೊಳ್ಳಬೇಕು. ಒಮ್ಮೆ ಓಡಿಸಿ ಗೆರೆ ನೋಡಬೇಕು, ಕೂದಲೆಳೆಯಷ್ಟು ಸರಿಸಿ ಮತ್ತೆ ಓಡಿಸಬೇಕು. ಇವರು ಕೆಳಗಿನ ವೇಗದ ಕೆಲಸ ಮುಗಿಸಿದ್ದರು. ಹೊಸ ಆಯಿಲ್ ಹಾಕಿ, ಬರುವ ಭಾನುವಾರ ಮೇಲಿನದ್ದು ಎಂದಿದ್ದರು. ಆ ವಾರವೇ ಜ್ವರ ಬಂತು. ಹೊರಗೆ ಮಳೆ ಹೊಯ್ಯುತ್ತಿತ್ತು. ಆಸ್ಪತ್ರೆಯಿಂದ ಇವರು ಮನೆಗೆ ಬರಲಿಲ್ಲ.

ಕೆಲವು ತಿಂಗಳ ನಂತರ ಗೆಳೆಯ ನೆರೂಳಿನಿಂದ ನಮ್ಮ ಮನೆಗೆ ಬಂದ. ಆತನ ತಂದೆತಾಯಿ ಉಡುಪಿ ಕಡೆಯವರು, ಆತ ಹುಟ್ಟಿದ್ದು ಇಲ್ಲೇ. ಕನ್ನಡಕ್ಕೆ ಹಿಂದಿ, ಮರಾಠಿ ಎಲ್ಲ ಸೇರಿಸಿ ಮಾತಾಡುತ್ತಾನೆ.

"ವೈನಿ, ಗಾಡಿ ಹೀಗೇ ಇಟ್ರೆ ಖತರಾ ಉಂಟು. ಮೇಲಿನ ನಂಬರೆಲ್ಲಾ ಅವ ಸುಮ್ನೆ ಅಂದಾಜಿಗೆ ಹಾಕಿದ್ದು. ಯಾರಾದ್ರೂ ಜೋರು ಒತ್ತಿದ್ರೆ ಪಿಸ್ಟನ್ ಗಯಾ. ಕಂಪನಿಯ ಹಳೇ ಸೆಟಿಂಗ್ ವಾಪಸ್ ಹಾಕಿಬಿಡ್ತೇನೆ."

"ಹಾಕಿದ್ರ ಅಂವಾ ಮಾಡಿದ್ದು?" ಮಾವ ಕೇಳಿದರು.

"ಅದು ಹೋಗ್ತದೆ ಕಾಕಾ."

"ಅಳಸಬ್ಯಾಡಪಾ. ಪೂರಾ ಮಾಡು."

"ಮಾಡುವಾಗ ಇಂಜಿನ್ನೇ ಹೋದ್ರೆ?"

ಮಾವ ನನ್ನತ್ತ ನೋಡಿದರು. ನಾನು ಹೂಂ ಎಂದೆ. ಇವರ ಕೈಕೆಲಸವೆಂದು ನಮಗೆ ಉಳಿದಿರುವುದು ಆ ಇಂಜಿನ್ನು ಮಾತ್ರ. ಉಳಿಸಿಕೊಳ್ಳಲು ಹೋಗಿ ಅದನ್ನೇ ಒಡೆದುಕೊಂಡರೆ ಮಾವನ ಗತಿ ಏನು ಎಂಬ ಚಿಂತೆ ಅಂದಿನಿಂದ ನನಗೆ ಹತ್ತಿಕೊಂಡಿತು. ಯಾಕೆಂದರೆ ಮಾವ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ದೇವರಿಗೆ ದೀಪ ಹಚ್ಚಿ, ಚಾವಿ ಹಿಡಿದು ಕೆಳಗಿಳಿಯುತ್ತಿದ್ದರು. ಸೊಸೈಟಿಯ ಪಾರ್ಕಿಂಗಿನಲ್ಲಿ ಕಾರು ಚಾಲೂ ಮಾಡಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಬಂದ್ ಮಾಡಿ ಮೇಲೆ ಬರುತ್ತಿದ್ದರು. ಆ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಅದು ನಿಂತ ಮೇಲೆ ನಾನು ಅವರ ಚಹಾ ಸೋಸುತ್ತಿದ್ದೆ.

ಶೆಡ್ಡಿನಲ್ಲಿ ಗೆಳೆಯ ಸ್ಟೇರಿಂಗಿನ ಮುಂದೆ ಕೂತ, ನಾನು ಪಕ್ಕದಲ್ಲಿ. ಇಂಜಿನ್ನಿನ ಮೈಗೆ ಕಚ್ಚಿಸಿದ ಮೈಕಿನಿಂದ ಎರಡು ಹೆಡ್‌ಫೋನುಗಳಿಗೆ ತಂತಿ. ಒಂದು ಆತನ ಕಿವಿಗೆ, ಇನ್ನೊಂದು ಇವರದ್ದು, ನನ್ನ ಕಿವಿಗೆ. ಇವರ ಜೊತೆ ಎಷ್ಟೋ ಭಾನುವಾರ ಇಲ್ಲಿ ಕೂತಿದ್ದರಿಂದ ಕೆಟ್ಟ ಸದ್ದು ಯಾವುದೆಂದು ನನಗೆ ಗೊತ್ತು. ಸ್ಟೀಲಿನ ಡಬ್ಬಿಯಲ್ಲಿ ಸಾಬೂದಾಣಿ ಅಲ್ಲಾಡಿಸಿದ ಹಾಗಿರುತ್ತದೆ. ಅದು ಕೇಳಿದರೆ ಒಳಗೆ ಬೆಂಕಿ ಹೊತ್ತಬಾರದ ಹೊತ್ತಿಗೆ ಹೊತ್ತುತ್ತಿದೆ ಎಂದರ್ಥ.

"ಕಡಕಡ ಅಂದ್ರೆ ಕೈ ಎತ್ತಿ, ಬಸ್. ನಾನು ಗೆರೆ ನೋಡ್ತಾ ಇರ್ತೇನೆ," ಅಂದ.

ಮೊದಲ ಓಟ ಕೆಳಗಿನ ವೇಗದ್ದು. ಹೊಸ ಗೆರೆ ಇವರ ಹಳೆಯ ಗೆರೆಯ ಮೇಲೆಯೇ ಹೋಯಿತು. ಬೇರೆ ಮಾಡಿ ಹೇಳಲಾಗದಷ್ಟು ಒಂದಾಗಿತ್ತು. ಪರದೆ ಮಸುಕಾದಾಗ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಆತ ಕಂಡೂ ಕಾಣದವನಂತೆ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದ.

ಎರಡನೆಯದು ಮೇಲಿನದ್ದು. ಇಂಜಿನ್ನಿನ ದನಿ ಏರುತ್ತ ಹೋಯಿತು, ಸೀಟು ನಡುಗಿತು, ಗಾಳಿ ಒತ್ತಿ ತುಂಬುವ ಟರ್ಬೊದ ಸಿಳ್ಳೆ ದಪ್ಪವಾಯಿತು. ಆಗ ಸಾಬೂದಾಣಿ ಕೇಳಿತು. ನಾನು ಕೈ ಎತ್ತುವುದಕ್ಕೂ ಆತ ಕಾಲು ತೆಗೆಯುವುದಕ್ಕೂ ಸರಿಹೋಯಿತು. ಬಾಗಿಲಲ್ಲಿ ಮಾವನ ನೆರಳು ಅಲುಗಿತು.

"ಏನಾತು?"

ಗೆಳೆಯ ಪರದೆಯ ಮೇಲೆ ಎರಡು ಸಣ್ಣ ಗೆರೆ ತೋರಿಸಿದ. ವಾಲ್ವನ್ನು ಎಷ್ಟು ಸರಿಸು ಎಂದು ಆತ ಹೇಳಿದ್ದು ಒಂದು, ಅದು ನಿಜವಾಗಿ ಸರಿದದ್ದು ಇನ್ನೊಂದು. ಕೂಡಿ ಹೋಗಬೇಕಾದ ಅವು ಮೇಲೆ ಬಂದಂತೆ ಬೇರೆಯಾಗಿದ್ದವು.

"ನಾನು ಹೇಳಿದ್ದು ಅದು ಕೇಳ್ತಾನೇ ಇಲ್ಲ. ವಾಲ್ವ್ ಸರಿಸೋದು ಆಯಿಲಿನ ಪ್ರೆಶರ್. ಆಯಿಲ್ ಹೊಸದು, ಅವನೇ ಹಾಕಿದ್ದು, ಮತ್ತೆ ಯಾಕೆ?"

ಆತ ಇಂಜಿನ್ ನಿಲ್ಲಿಸಿ ಇಳಿದು, ಆಯಿಲ್ ನೋಡುವ ಕಡ್ಡಿ ಎಳೆದು ಮೂಗಿನ ಹತ್ತಿರ ತಂದ. ಆಮೇಲೆ ನನಗೆ ಕೊಟ್ಟ. ಪೆಟ್ರೋಲು ವಾಸನೆ. ಬೆರಳಿಗೆ ತಾಗಿದ ಎಣ್ಣೆ ನೀರಿನಂತೆ ಜಾರಿತು.

"ಗಾಡಿ ನಿಂತೇ ಇತ್ತಲ್ಲ ವೈನಿ? ಯಾರು ಚಾಲೂ ಮಾಡ್ತಾ ಇದ್ರು?"

ನಾನು ಕಡ್ಡಿಯನ್ನು ಬಟ್ಟೆಯಿಂದ ಒರೆಸತೊಡಗಿದೆ. ಒರೆಸಿಯಾದ ಮೇಲೂ ಒರೆಸುತ್ತಲೇ ಇದ್ದೆ. ಹೇಳಬಾರದು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳುವಷ್ಟರಲ್ಲಿ ಮಾವ ಒಳಗೆ ಬಂದಿದ್ದರು.

"ನಾನಪಾ. ದಿನಾ. ಬ್ಯಾಟರಿ ಸಾಯಬಾರದಂತ." ಕಾರಿನ ಮೈ ಸವರಿ, "ಬ್ಯಾಟರಿ ಅನ್ನೂದು ನೆಪಾ," ಅಂದರು.

ಗೆಳೆಯ ತಲೆ ಕೆರೆದುಕೊಂಡ. "ಚಾಲೂ ಮಾಡಿದ್ದು ತಪ್ಪಲ್ಲ ಕಾಕಾ. ತಣ್ಣಗಿನ ಇಂಜಿನ್ನಲ್ಲಿ ಚೂರು ಪೆಟ್ರೋಲ್ ಕೆಳಗೆ ಆಯಿಲಿಗೆ ಇಳೀತದೆ. ಗಾಡಿ ಓಡಿ ಆಯಿಲ್ ಬಿಸಿ ಆದ್ರೆ ಅದು ಆವಿಯಾಗಿ ಉಡ್ ಜಾತಾ ಹೈ. ನೀವು ಓಡಿಸದೇ ಬಂದ್ ಮಾಡಿದ್ರಿ. ದಿನಾ ಹಾಗೇ ಆದ್ರೆ ಆಯಿಲ್ ಪತಲಾ, ನೀರಿನ ಹಾಗೆ. ಮತ್ತೆ ಪ್ರೆಶರ್ ಎಲ್ಲಿಂದ?"

"ಓಡಸಾಕ ನನಗೆಲ್ಲಿ ಬರತದ? ನಾ ಲೋಕಲ್‌ನ್ಯಾಗ ಜೋತಾಡಿದಾಂವ." ನಗಲು ನೋಡಿದರು, ಆಗಲಿಲ್ಲ. "ಇಂಜಿನ್ ಹೋತೇನು?"

"ನೋಡ್ಬೇಕು."

ಇಂಜಿನ್ನು ಆರುವವರೆಗೆ ಕಾದು, ಆತ ಸ್ಪಾರ್ಕ್ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ ಭೂತಗನ್ನಡಿ ಹಿಡಿದ. ಪಿಸ್ಟನ್ ಕರಗಿದ್ದರೆ ಅವುಗಳ ತುದಿಯಲ್ಲಿ ಬೆಳ್ಳಿಯ ಪುಡಿಯಂಥದ್ದು ಅಂಟಿರುತ್ತದಂತೆ. ಮಾವ ಕೇಳದೆಯೇ ಟಾರ್ಚು ಹಿಡಿದರು. ಗೆಳೆಯ ಬೆಳಕು ಪ್ಲಗ್ಗಿನ ಮೇಲೆ ಬೀಳುವಂತೆ ಅವರ ಮಣಿಕಟ್ಟನ್ನು ಒಮ್ಮೆ ಹಿಡಿದು ಸರಿಯಾಗಿ ನಿಲ್ಲಿಸಿದ. ಕೊನೆಯ ಪ್ಲಗ್ಗನ್ನು ತುಂಬ ಹೊತ್ತು ನೋಡಿ, "ಸಾಫ್," ಅಂದ.

ಹಳೆಯ ಆಯಿಲ್ ಕೆಳಗೆ ಬಿಟ್ಟಾಗ ಮಾವ ಬಗ್ಗಿ ನೋಡಿದರು. ಮಗ ಕೈಯಾರೆ ಹಾಕಿದ್ದು. ಬಕೆಟ್ಟಿಗೆ ಕರ್ರಗೆ, ತೆಳ್ಳಗೆ ಸುರಿಯಿತು. ಕೊನೆಯ ಹನಿ ಬೀಳುವವರೆಗೆ ಅವರು ಎದ್ದೇಳಲಿಲ್ಲ.

ಹೊಸ ಆಯಿಲ್ ಹಾಕಿ, ಅದು ಬಿಸಿಯಾಗುವವರೆಗೆ ಓಡಿಸಿ, ಮತ್ತೆ ಮೇಲಿನ ಓಟ. ನಾನು ಕಣ್ಣು ಮುಚ್ಚಿ ಕಿವಿಯಾದೆ. ಈ ಸಲ ಎರಡು ಸಣ್ಣ ಗೆರೆಗಳು ಕೂಡಿಯೇ ಹೋದವಂತೆ. ನನಗೆ ಕೇಳಿದ್ದು ಗಾಳಿಯ ಮೊರೆತ ಮಾತ್ರ. ಸರಿಸಿದ, ಓಡಿಸಿದ. ಗೆರೆ ಏರಿತು. ಇನ್ನೊಮ್ಮೆ ಸರಿಸಿದ, ಮತ್ತೆ ಏರಿತು. ಮತ್ತೂ ಒಮ್ಮೆ ಸರಿಸಿದಾಗ ತುದಿ ಬಾಗಿತು. ಒಂದು ಹೆಜ್ಜೆ ಹಿಂದೆ ತಂದು ಅಲ್ಲಿಗೇ ನಿಲ್ಲಿಸಿದ. ಕೆಳಗಿನ ಅರ್ಧ ಇವರದ್ದು, ಮೇಲಿನ ಅರ್ಧ ಗೆಳೆಯನದು. ಬೆಸುಗೆ ಎಲ್ಲಿದೆಯೆಂದು ಮಾವ ಕೇಳಿದರು. ಆತ ಬೆರಳಿಟ್ಟು ತೋರಿಸಿದ. ಅಲ್ಲಿ ಏನೂ ಕಾಣುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕೆಳಗಿನಿಂದ ಸದ್ದು ಬರಲಿಲ್ಲ. ನಾನು ಚಹಾದ ಪಾತ್ರೆ ಹಿಡಿದು ನಿಂತೇ ಇದ್ದೆ, ಯಾವಾಗ ಸೋಸಬೇಕೆಂದು ತಿಳಿಯದೆ. ಕಿಟಕಿಯಿಂದ ನೋಡಿದರೆ ಮಾವ ಕಾರಿನಲ್ಲಿ ಕೂತಿದ್ದರು, ಬಾಗಿಲು ತೆರೆದು, ಚಾವಿ ಮುಷ್ಟಿಯಲ್ಲಿ ಹಿಡಿದು. ಚಹಾ ಕೆಳಗೇ ಒಯ್ದೆ. "ನಾ ಕಲೀತೀನಿ ಮಾಮಾ," ಅಂದೆ.

ಈಗ ಡ್ರೈವಿಂಗ್ ಕ್ಲಾಸಿಗೆ ಹೋಗುತ್ತಿದ್ದೇನೆ. ಕ್ಲಚ್ಚು ಇನ್ನೂ ಕೈಗೆ, ಅಲ್ಲ ಕಾಲಿಗೆ, ಬಂದಿಲ್ಲ. ಅಲ್ಲಿಯವರೆಗೆ ಭಾನುವಾರ ಗೆಳೆಯ ಬಂದು ನಮ್ಮನ್ನು ಶಿಳ್ ಫಾಟಾದ ದೊಡ್ಡ ರಸ್ತೆಯ ಕಡೆ ಕರೆದೊಯ್ಯುತ್ತಾನೆ. ಮಾವ ಮುಂದೆ, ನಾನು ಹಿಂದೆ. ಪ್ರತಿ ಸಿಗ್ನಲ್ಲಿಗೂ ಮಾವ ಕೇಳುತ್ತಾರೆ:

"ಎಣ್ಣಿ ಬಿಸಿ ಆತೇನಪಾ?"

"ಅಜೂನ್ ನಾಹೀ ಕಾಕಾ, ಇನ್ನೂ ಆಗ್ಲಿಲ್ಲ. ಇನ್ನೂ ಸ್ವಲ್ಪ ಹೋಗ್ವಾ."

ಹಿಂದಿನ ಸೀಟಿನಿಂದ ನನಗೆ ಬಿಸಿ ತೋರಿಸುವ ಮುಳ್ಳು ಕಾಣುತ್ತದೆ. ಎಣ್ಣೆ ಯಾವಾಗಲೋ ಬಿಸಿಯಾಗಿರುತ್ತದೆ. ನಾನು ಸುಮ್ಮನಿರುತ್ತೇನೆ.